ಕೇಳಿ ಹೋಗುವ ರಸ್ತೆ

ರಿಕ್ಷಾ ಓಡಿಸುವವರಲ್ಲಿ ಎರಡೇ ಜಾತಿ. ಒಂದು ನಾನು, ಇನ್ನೊಂದು ಉಳಿದವರು. ಇದು ನಾನಾಗಿ ಹೇಳಿಕೊಳ್ಳುವ ಮಾತಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ವಿಚಾರಿಸಿ ನೋಡಿ. ಅವರ ಬಾಯಿ ಒಪ್ಪುವುದಿಲ್ಲ, ಮುಖ ಒಪ್ಪುತ್ತದೆ. ದೂಮಣ್ಣನ, ಅಂದರೆ ನನ್ನ, ರಿಕ್ಷಾದಲ್ಲಿ ತುಂಬಿದ ಮಜ್ಜಿಗೆಯ ಲೋಟ ಹಿಡಿದು ಕೂತವನ ಅಂಗಿಯ ಮೇಲೆ ಹನಿ ಬಿದ್ದದ್ದಿಲ್ಲ. ಒಬ್ಬ ಕ್ಷೌರಿಕ ಅವಸರದ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಗಡ್ಡ ಹೆರೆಯುತ್ತಾ ಬಂದಿದ್ದ. ಇಳಿಯುವಾಗ ಆ ಗಿರಾಕಿಯ ಕೆನ್ನೆ ಉಜ್ಜಿಟ್ಟ ಹಿತ್ತಾಳೆ ಚೆಂಬಿನ ಹಾಗೆ ಹೊಳೆಯುತ್ತಿತ್ತು, ಒಂದು ಗೀರೂ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಮೀನು ಹುರಿಯುವ ವಾಸನೆ ಹಿಡಿದೇ ಇದು ಇಂಥವರ ಮನೆ ಎಂದು ಬಾಗಿಲಿಗೆ ಹೋಗಿ ನಿಲ್ಲಿಸುತ್ತಿದ್ದೆ. ದಾರಿ ಕೇಳುವುದು ಎಂದರೆ ನನಗೆ ಬೇರೆಯವರ ಬನಿಯನ್ ಹಾಕಿಕೊಂಡಂತೆ. ಅಂಥ ನನ್ನ ಊರಿನಲ್ಲೇ ಇಂಥ ರಸ್ತೆ ಆಗಬೇಕೆ!

ಮೊದಲು ಕಡಲ ರಸ್ತೆ ಬರೇ ರಸ್ತೆಯಾಗಿತ್ತು. ಈ ತುದಿಯಲ್ಲಿ ಮೀನು ಬಂದರು, ಆ ತುದಿಯಲ್ಲಿ ದೀಪಸ್ತಂಭದ ಕೇರಿ, ನಡುವೆ ಬಿಸಿಲಿಗೆ ಹರವಿದ ಪಂಚೆಯ ಹಾಗೆ ಚಾಚಿ ಮಲಗಿದ ಡಾಂಬರು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗುಡ್ಡ. ದಾರಿ ತಪ್ಪಲೇಬೇಕೆಂದು ಹಟ ಹಿಡಿದವನು ಒಂದೋ ಈಜಬೇಕು, ಇಲ್ಲವೇ ಹತ್ತಬೇಕು. ಇದನ್ನು ಚಂದ ಮಾಡುತ್ತೇವೆ ಎಂದು ರಾಜಧಾನಿಯಿಂದ ಒಬ್ಬರು ಇಂಜಿನಿಯರು ಬಂದರು. ಚಂದ ಮಾಡಿದರು, ಇಲ್ಲವೆನ್ನಲಾರೆ. ಕೆಂಪು ಮತ್ತು ಬೂದಿ ಬಣ್ಣದ ಇಂಟರ್‌ಲಾಕ್ ಹಾಸಿದರು. ವಾಹನ ಹೋಗುವುದೂ ಅದರ ಮೇಲೆ, ಜನ ನಡೆಯುವುದೂ ಅದರ ಮೇಲೆ. ಯಾವುದು ಮುಗಿದು ಯಾವುದು ಸುರುವಾಯಿತೆಂದು ತಿಳಿಯದೆ ಬೀದಿನಾಯಿಗಳು ರಸ್ತೆಯಲ್ಲಿ ಮಲಗುವುದನ್ನೇ ಬಿಟ್ಟವು. ಸೈಕಲಿನವರಿಗೆಂದು ಬಳಿದ ಹಸಿರು ಪಟ್ಟಿ ನೆಟ್ಟಗೆ ಹೋಗಿ ಒಂದು ತೆಂಗಿನ ಮರಕ್ಕೆ ಹಣೆ ಚಚ್ಚಿಕೊಂಡು ನಿಲ್ಲುತ್ತಿತ್ತು, ಮರದ ಬೆನ್ನ ಹಿಂದಿನಿಂದ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಕಾಲ್ನಡಿಗೆಯವರು ದಾಟಲು ಎಳೆದ ಬಿಳಿ ಗೆರೆಗಳು ಎದೆಮಟ್ಟದ ಗೋಡೆಯವರೆಗೆ ಕರೆದೊಯ್ದು ಕೈಬಿಡುತ್ತಿದ್ದವು. ಒಂದೇ ಕಂಬದಲ್ಲಿ ಮೂರು ಬಾಣ, ಮೂರರ ಮೇಲೂ ‘ಬಂದರು’ ಎಂದೇ ಬರಹ. ‘ಎಡಕ್ಕೆ ತಿರುಗಿ’ ಎಂಬ ಬೋರ್ಡು ಇದ್ದಲ್ಲಿ ಎಡಕ್ಕೆ ಇದ್ದದ್ದು ಕಡಲು. ಸರ್ಕಲ್‌ಗಳಂತೂ ಸಣ್ಣ ಕಾವಲಿಯಲ್ಲಿ ಒತ್ತೊತ್ತಾಗಿ ಹೊಯ್ದ ದೋಸೆಗಳ ಹಾಗೆ, ಒಂದರ ಅಂಚು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಬಂದರಿನ ಬದಿಯ ಮೊದಲ ಸರ್ಕಲ್ಲಿನಲ್ಲಿ ಆನೆಯಷ್ಟು ದೊಡ್ಡ ಹಡಗಿನ ಲಂಗರು ತಂದು ನಿಲ್ಲಿಸಿದರು. ಹತ್ತು ಆನೆಯಷ್ಟು ಅಂದರೂ ತಪ್ಪಿಲ್ಲ.

ಉದ್ಘಾಟನೆಗೆ ಬಂದ ದೊಡ್ಡವರ ಕಾರು ರಿಬ್ಬನ್ ದಾಟಿ ಒಳಗೆ ಹೋಯಿತು. ದೀಪಸ್ತಂಭದ ಕೇರಿಯಲ್ಲಿ ಚಪ್ಪರ ಹಾಕಿಸಿ, ಬ್ಯಾಂಡಿನವರನ್ನು ಕೆನ್ನೆ ಉಬ್ಬಿಸಿ ನಿಲ್ಲಿಸಿದ್ದರು. ಕಾರು ಅಲ್ಲಿಗೆ ಮುಟ್ಟಲೇ ಇಲ್ಲ. ಸುತ್ತಿ ಸುತ್ತಿ ಲಂಗರಿನ ಹತ್ತಿರಕ್ಕೇ ಬಂತು. ಮತ್ತೆ ಹೋಯಿತು, ಮತ್ತೆ ಲಂಗರು. ಬಂದಾಗಲೆಲ್ಲ ನಾವು ಮರ್ಯಾದೆಗೆ ಚಪ್ಪಾಳೆ ತಟ್ಟಿದೆವು. ಹೊತ್ತು ಇಳಿಯುವಾಗ ಆ ಕಾರಿನ ಚಾಲಕನ ಕರೀ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಾನು ಕಣ್ಣಾರೆ ನೋಡಿದ್ದು.

ರಸ್ತೆಯ ಗುಟ್ಟು ಒಡೆದದ್ದು ಬಾಗಿ ಅಕ್ಕನಿಂದ. ಸ್ಕೂಟರಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಮೀನು ಮಾರುವ ಹೆಂಗಸು. ಅವಳು ಮೆಲ್ಲಗೆ ಮಾತಾಡಿದರೂ ದೋಣಿಯಲ್ಲಿದ್ದವರು ತಿರುಗಿ ನೋಡುತ್ತಾರೆ. ಅವಳು ಮೂರು ಸಲ ಲಂಗರಿಗೇ ವಾಪಸು ಬಂದು ಸಿಟ್ಟು ನೆತ್ತಿಗೇರಿ, ಅಲ್ಲೇ ನೆಲಗಡಲೆ ಹುರಿಯುತ್ತಿದ್ದವನಿಗೆ, “ಹೋಯ್, ದೀಪಸ್ತಂಭಕ್ಕೆ ಎಲ್ಲಿಂದ ಹೋಗುದು ಮಾರಾಯ?” ಎಂದು ಕೂಗಿದಳು. ಅವನು ಆ ವಾರವಷ್ಟೇ ಪರಊರಿನಿಂದ ಬಂದವನು, ದೀಪಸ್ತಂಭವನ್ನು ಕನಸಿನಲ್ಲೂ ಕಂಡವನಲ್ಲ. ಆದರೂ ಹೆಂಗಸು ಕೇಳಿದಳಲ್ಲ ಎಂದು ಸೌಟು ಎತ್ತಿ ಎತ್ತಲೋ ತೋರಿಸಿದ. ಬಾಗಿ ಅಕ್ಕ ಹೋದಳು. ಹೋದವಳು ಮುಟ್ಟಿದಳು. ಆ ದಿನ ಅವಳ ಬುಟ್ಟಿಯಲ್ಲಿದ್ದ ಬಂಗುಡೆಗಳು ಕೇರಿಗೆ ಹೋದ ಮೇಲೂ ಬಾಲ ಆಡಿಸುತ್ತಿದ್ದವಂತೆ, ಅಷ್ಟು ಬೇಗ.

ಹೀಗೆ ತಿಳಿದುಬಂತು: ಆ ರಸ್ತೆಯಲ್ಲಿ ಕೇಳಿ ಹೋದವನು ಮುಟ್ಟುತ್ತಾನೆ, ಕೇಳದೆ ಹೋದವನು ಹೊರಟಲ್ಲಿಗೇ ಬರುತ್ತಾನೆ. ಹೇಳಿದವನು ತಪ್ಪು ಹೇಳಿದರೂ ನಡೆಯುತ್ತದೆ, ಆದರೆ ಏನಾದರೊಂದು ಹೇಳಲೇಬೇಕು. ಮರುದಿನ ಬಾಗಿ ಅಕ್ಕ ಅದೇ ಕಡಲೆಯವನನ್ನು ಕೇಳಿದಳು, ಅವನು ಅದೇ ಸೌಟು ಅದೇ ದಿಕ್ಕಿಗೆ ತೋರಿಸಿದ. ಬಂದು ನಿಂತದ್ದು ಲಂಗರಿನ ಬುಡಕ್ಕೆ. ಒಬ್ಬರಿಗೆ ಒಬ್ಬರು ಒಂದೇ ಸಲ. ಅದು ಎರಡನೆಯ ಪಾಠ. ಇಂಜಿನಿಯರಿಗೆ ಬರೆದು ಹೇಳಿದಾಗ, ರಸ್ತೆ ಸರಿಯಾಗಿದೆ, ಬಳಸುವವರು ಹೊಂದಿಕೊಳ್ಳಬೇಕು ಎಂದು ಉತ್ತರ ಬಂತು. ಹೊಂದಿಕೊಂಡೆವು. ನಮ್ಮ ಊರಿನವರು ಯಾವುದಕ್ಕೆ ಹೊಂದಿಕೊಂಡಿಲ್ಲ!

ಪರಊರಿನ ನೆಂಟರಿಗೆ ನಮ್ಮಲ್ಲಿ ಎಂದೂ ಇಲ್ಲದ ಬೆಲೆ ಬಂತು. ಬಸ್ಸಿಳಿದು ಬೆವರು ಒರೆಸುವ ಮುಂಚೆಯೇ ಜನ ಸುತ್ತ ನಿಂತು ದಾರಿ ಕೇಳುತ್ತಿದ್ದರು. ಊರು ಕಾಣದ ಆ ಪುಣ್ಯಾತ್ಮರು ಬಾಯಿಗೆ ಬಂದದ್ದು ಹೇಳುತ್ತಿದ್ದರು. ತೊದಲು ಮಾತಾಡಲು ಕಲಿತ ಕೂಸಿನ ಮನೆಗೆ ಸೋದರಮಾವಂದಿರು ಸಾಲುಗಟ್ಟಿ ಬಂದು, “ಕೇರಿ ಎಲ್ಲುಂಟು ಚಿನ್ನಾ?” ಎಂದು ಬಗ್ಗಿ ನಿಲ್ಲುತ್ತಿದ್ದರು, ಕೂಸು “ತಾತಾ” ಎಂದರೂ ಸಾಕು, ರಿಕ್ಷಾ ಹೊರಡುತ್ತಿತ್ತು. ಬಟ್ಟೆ ಹೊಲಿಯುವ ಸಿಸಿಲಿಯಾ ಬಾಯಿ ಮತ್ತು ಪಕ್ಕದ ಮನೆಯ ದೇಜಮ್ಮನ ನಡುವೆ ನುಗ್ಗೆ ಮರದ ನೆಪದಲ್ಲಿ ಮಾತು ಬಿಟ್ಟು ಒಂದು ತಲೆಮಾರೇ ಕಳೆದಿತ್ತು. ಕೇಳಲು ಬೇರೆ ಯಾರೂ ಉಳಿಯದೆ ಸಿಸಿಲಿಯಾ ಬಾಯಿ ಒಂದು ದಿನ ಬೇಲಿಯ ಹತ್ತಿರ ನಿಂತು, “ಕೇರಿಗೆ ಹೇಗೆ ಹೋಗುದು?” ಎಂದು ಮರಕ್ಕೆ ಹೇಳುವ ಹಾಗೆ ಕೇಳಿದಳು. ದೇಜಮ್ಮ ಪಾತ್ರೆ ತಿಕ್ಕುತ್ತಾ ತಲೆ ಎತ್ತದೆ, “ನೆಟ್ಟಗೆ ಹೋಗಿ ಬಾವಿಗೆ ಬೀಳು” ಎಂದಳು. ಸಿಸಿಲಿಯಾ ಬಾಯಿ ಸುಖವಾಗಿ ಕೇರಿ ಮುಟ್ಟಿದಳು. ಬರುವಾಗ ದೇಜಮ್ಮನಿಗೆ ಒಂದು ಕಟ್ಟು ಬಸಳೆ ತಂದುಕೊಟ್ಟಳು.

ಎಲ್ಲರಿಗಿಂತ ಮೊದಲು ಜನ ಖಾಲಿಯಾದದ್ದು ರಿಕ್ಷಾದವರಿಗೆ. ದಿನಕ್ಕೆ ಎಷ್ಟೋ ಸಲ ಹೋಗಿ ಬರುವವರು ನಾವು. ಎರಡು ತಿಂಗಳಲ್ಲಿ ಊರಿನ ಅಷ್ಟೂ ಜನರನ್ನು ಕೇಳಿ ಮುಗಿಸಿದೆವು. ಆಮೇಲೆ ಗಿರಾಕಿ ಹತ್ತುವಾಗಲೇ, “ನಿಮ್ಮಲ್ಲಿ ದಾರಿ ಉಂಟಾ?” ಎಂದು ವಿಚಾರಿಸುವುದು ರೂಢಿಯಾಯಿತು. ಗಿರಾಕಿಗೆ ಇನ್ನೂ ಕೇಳದ ಒಬ್ಬರು ಉಳಿದಿದ್ದರೆ, ಅವರ ಮನೆಯ ಮುಂದೆ ನಿಲ್ಲಿಸಿ ಕೇಳಿಸಿಕೊಂಡು ಹೋಗುವುದು. ರಿಕ್ಷಾದಲ್ಲಿ ಕೂತವರಲ್ಲಿ ಯಾರು ಕೇಳಿದರೂ ರಸ್ತೆಗೆ ಆಗುತ್ತಿತ್ತು. ನನಗೆ ಇದರಿಂದ ಅನುಕೂಲವೇ ಆಯಿತು. ನಾನು ಕೇಳಬೇಕಾಗಿರಲಿಲ್ಲ, ಗಿರಾಕಿ ಕೇಳಿದ ಮೇಲೆ, “ಅದೆಲ್ಲ ನನಗೆ ಮೊದಲೇ ಗೊತ್ತಿತ್ತು” ಎಂದು ಗೇರ್ ಹಾಕುತ್ತಿದ್ದೆ.

ಬುದ್ಧಿ ಇದ್ದವರು ಒಬ್ಬರನ್ನು ಮಾತ್ರ ಕೇಳದೆ ಇಟ್ಟುಕೊಂಡರು. ಆಪತ್ತಿಗೆ ಬೇಕಲ್ಲ. ಅಂಥವರಿಗೆ ಮೀಸಲು ಎನ್ನುತ್ತಿದ್ದೆವು. ಹೆಣ್ಣು ನೋಡಲು ಬಂದವರು, ಹುಡುಗನಿಗೆ ಮೀಸಲು ಯಾರುಂಟು ಎಂದು ಕೇಳುವ ಮಟ್ಟಿಗೆ ಅದು ಬೆಳೆಯಿತು. ನಮ್ಮ ಸ್ಟ್ಯಾಂಡಿನ ಮೊಯ್ದು ತನ್ನ ಅಣ್ಣನನ್ನು ಮೀಸಲಿಟ್ಟಿದ್ದ. ಒಂದು ದಿನ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಪೆಟ್ರೋಲಿಗೆಂದು ಹೊರಟವನು, ಲಂಗರಿನ ಹತ್ತಿರ ಕಾಲು ತಡವಿ, “ನನ್ನ ಚಪ್ಪಲಿ ಎಲ್ಲಿ ಹೋಯ್ತು?” ಎಂದ. “ನಿನ್ನ ಸೀಟಿನಡಿ ಉಂಟಲ್ಲ” ಎಂದ ಅಣ್ಣ. ಅಷ್ಟೇ. ರಸ್ತೆ ಬಿಚ್ಚಿಕೊಂಡಿತು, ರಿಕ್ಷಾ ನೆಟ್ಟಗೆ ದೀಪಸ್ತಂಭದ ಕೇರಿಗೆ ಹೋಗಿ ನಿಂತಿತು. ಮೀಸಲು ಖರ್ಚಾಯಿತು, ಬರೇ ಒಂದು ಚಪ್ಪಲಿಗೆ! ಮೊಯ್ದು ಮೂರು ದಿನ ಅನ್ನ ಮುಟ್ಟಲಿಲ್ಲ. ಅಂದಿನಿಂದ ಮೀಸಲಿನವರ ಹತ್ತಿರ ‘ಎಲ್ಲಿ’ ಎಂಬ ಯಾವ ಪ್ರಶ್ನೆಯನ್ನೂ ಎತ್ತಬಾರದೆಂದು ಊರು ಜಾಗ್ರತೆ ವಹಿಸಿತು. ರಸ್ತೆಯ ಮೇಲೆ ಕೇಳಿದರೆ ಮಾತ್ರ ಖರ್ಚಾಗುತ್ತದೋ, ಮನೆಯೊಳಗೆ ಕೇಳಿದರೂ ಆಗುತ್ತದೋ ಯಾರಿಗೂ ಖಚಿತವಿರಲಿಲ್ಲ. ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿದ್ದೀತು?

ಉಳಿದವರು ಅಣ್ಣ, ಚಿಕ್ಕಪ್ಪ, ದೂರದ ಷಡ್ಡಕ ಎಂದು ಸಣ್ಣಪುಟ್ಟವರನ್ನು ಮೀಸಲಿಟ್ಟಾಗ ನಾನು ಇಟ್ಟದ್ದು ಯಾರನ್ನು? ನನ್ನ ಹೆಂಡತಿ ವಾರಿಜಳನ್ನು. ಒಂದೇ ಮನೆಯಲ್ಲಿ ಇದ್ದು, ಒಂದೇ ಹಂಡೆಯ ನೀರು ಮಿಂದು, ‘ಎಲ್ಲಿ’ ಎನ್ನದೆ ಬದುಕುವುದೆಂದರೆ ಹುಡುಗಾಟವಲ್ಲ. ಋಷಿಗಳ ಕೈಯಲ್ಲೂ ಆಗಲಿಕ್ಕಿಲ್ಲ. ಅಂಗಿ ಬೇಕಾದರೆ ಮನೆಯ ಮಾಡಿನ ಹಂಚಿನವರೆಗೆ ನಾನೇ ಹುಡುಕುತ್ತಿದ್ದೆ. ಉಪ್ಪು ಸಿಗದಿದ್ದರೆ ಸಪ್ಪೆ ಗಂಜಿ ಉಣ್ಣುತ್ತಿದ್ದೆ. ಅವಳು ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಹೋಗುವವಳು. ತಡವಾಗಿ ಬಂದ ದಿನ ಎಲ್ಲಿದ್ದೆ ಎನ್ನದೆ, “ತಡವಾಯ್ತು” ಎಂದು ಮಾತ್ರ ಹೇಳಿ ಗೋಡೆ ನೋಡುತ್ತಿದ್ದೆ. ಬರಬರುತ್ತಾ ಬೇರೆ ಪ್ರಶ್ನೆಗಳೂ ಅಪಾಯವೆನ್ನಿಸಿದವು. ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದಲ್ಲ. ಹಾಗಾಗಿ ಎಲ್ಲವನ್ನೂ ಬಿಟ್ಟೆ. ಸ್ಟ್ಯಾಂಡಿನಲ್ಲಿ, “ನನ್ನ ಮೀಸಲು ಮೇಣ ಒಡೆಯದ ಜೇನಿನ ಹಾಗೆ ಉಂಟು” ಎಂದು ಹೇಳಿದರೆ ಮೊಯ್ದುವಿನ ಕಣ್ಣು ಹೊಟ್ಟೆಕಿಚ್ಚಿನಿಂದ ಕೆಂಪಾಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ವಾರಿಜ ಒಮ್ಮೆ ಮಲಗಿದಳು. ಎರಡು ದಿನ ಏಳಲಿಲ್ಲ, ಮಗ್ಗುಲು ತಿರುಗುವಾಗ ಹಲ್ಲು ಕಚ್ಚುತ್ತಿದ್ದಳು. ನಾನು ಸುಮ್ಮನಿರುವವನೇ? ಆಚೆ ಪೇಟೆಯಿಂದ ಡಾಕ್ಟರನ್ನೇ ರಿಕ್ಷಾದಲ್ಲಿ ಹಾಕಿಕೊಂಡು ಬಂದೆ. ಅರಸರ ನಾಡಿ ಹಿಡಿದ ಡಾಕ್ಟರು, ನಮ್ಮಂಥವರ ಹೊಸಿಲು ತುಳಿಯುವವರಲ್ಲ. ಅವರು ಚಾಪೆಯ ಹತ್ತಿರ ಕೂತು, “ಎಲ್ಲಿ ನೋವಮ್ಮಾ?” ಎಂದು ಕೇಳಿದರು. ವಾರಿಜ ಅವರ ಮುಖವನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಅವಳ ಕಣ್ಣಿನಿಂದ ನೀರು ಸುರಿಯತೊಡಗಿತು. ನೋವು ಜಾಸ್ತಿಯಾಗಿರಬೇಕು ಎಂದುಕೊಂಡು ನಾನು ಬಿಸಿನೀರು ಕಾಯಿಸಲು ಒಳಗೆ ಹೋದೆ. ಬಿಸಿನೀರು ಕಾಯಿಸುವುದರಲ್ಲಿಯೂ ನನ್ನನ್ನು ಮೀರಿಸುವವರಿಲ್ಲ.

ಗುಣವಾಗಿ ಎದ್ದ ಮೇಲೆ ಒಂದು ಮಧ್ಯಾಹ್ನ, ನಾವು ಸ್ಟ್ಯಾಂಡಿನಲ್ಲಿ ಕೂತು ಹರಟುತ್ತಿದ್ದಾಗ, ವಾರಿಜ ಬಟ್ಟೆಯ ಚೀಲ ಹಿಡಿದು ಬಂದು ನನ್ನ ರಿಕ್ಷಾದಲ್ಲಿ ಕೂತಳು. ಹತ್ತಿದವರನ್ನು ‘ಎಲ್ಲಿಗೆ’ ಎಂದು ಕೇಳುವುದು ನಮ್ಮ ಬಾಯಿಗೆ ಉಸಿರಾಟದ ಹಾಗೆ ಬರುವ ಮಾತು. ನಾನು ತುಟಿ ಒತ್ತಿ ಹಿಡಿದೆ. ಅವಳು ಅರೆಗಳಿಗೆ ಕಾದಳು. ಮತ್ತೆ ತಾನೇ ಹೇಳಿದಳು: “ಅಮ್ಮನ ಮನೆಗೆ.”

ಅವಳ ತಾಯಿ ಕಲ್ಯಾಣಿ ಅತ್ತೆಯ ಮನೆ ದೀಪಸ್ತಂಭದ ಕೇರಿಯಲ್ಲಿ. ಚೀಲ ದಪ್ಪವಿತ್ತು. ಎರಡು ದಿನಕ್ಕೆ ಹೋಗುವವರ ಚೀಲವಲ್ಲ ಅದು. ಮೊಯ್ದು ಬೀಡಿ ಕೆಳಗೆ ಹಾಕಿ, “ಎಂತ ವಾರಿಜಕ್ಕ, ಹಬ್ಬವಾ ಅಲ್ಲಿ?” ಎಂದ.

“ಹಬ್ಬ ಎಂತದ್ದೂ ಇಲ್ಲ ಮೊಯ್ದಣ್ಣ. ಅಲ್ಲೇ ಇರ್ಲಿಕ್ಕೆ ಹೋಗುದು. ಇವರಿಗೆ ಆಗುದಿಲ್ಲಾದ್ರೆ ನಿಮ್ಮ ರಿಕ್ಷಾಕ್ಕೆ ಬರ್ತೇನೆ.”

“ಅದ್ಯಾಕೆ ಅಕ್ಕ ಹಾಗೆ...”

“ಇಲ್ಲಿ ಗೋಡೆಯೊಟ್ಟಿಗೆ ಇದ್ದ ಹಾಗೆ ಉಂಟು. ಗೋಡೆಯಾದ್ರೆ ಮಳೆಗಾಲದಲ್ಲಾದ್ರೂ ತೇವ ಆಗ್ತದೆ.”

ಸ್ಟ್ಯಾಂಡಿನಲ್ಲಿ ಯಾರೂ ನಗಲಿಲ್ಲ. ನಾನು ಎಂಜಿನ್ ಎಳೆದೆ. ಬೇರೆಯವರ ರಿಕ್ಷಾದಲ್ಲಿ ನನ್ನ ಹೆಂಡತಿಯೇ? ಸತ್ತರೂ ಇಲ್ಲ.

ಲಂಗರು ದಾಟಿದೆವು. ಅವಳು ಯಾರನ್ನೂ ಕೇಳಲಿಲ್ಲ. ಅವಳಿಗೆ ಕೇಳಲು ಜನ ಬೇಕಾದಷ್ಟಿದ್ದರು. ಬಂದರು ಬಿಟ್ಟು ಹೆಚ್ಚು ಹೋಗುವವಳಲ್ಲ ಅವಳು, ಅರ್ಧ ಊರು ಅವಳಿಗೆ ಬಾಕಿ ಇತ್ತು. ನಾನಂತೂ ಕೇಳಲಿಲ್ಲ. ಮೊದಲ ಸರ್ಕಲ್ಲಿನಿಂದ ಎರಡನೆಯದಕ್ಕೆ ಜಾರಿ, ಗೋಡೆಗೆ ಮುಖಮಾಡಿದ ಬಿಳಿ ಗೆರೆಗಳ ಮೇಲೆ ಹಾದು, ತೆಂಗಿನ ಮರವನ್ನು ಕೂದಲೆಳೆಯಲ್ಲಿ ತಪ್ಪಿಸಿ, ಮೂರು ಬಾಣಗಳಲ್ಲಿ ನಡುವಿನದನ್ನು ಹಿಡಿದು ಹೋದರೆ ಎದುರಿಗೆ ಲಂಗರು. ಮತ್ತೆ ಹೊರಟೆ. ಎಡದ ಬಾಣ ಹಿಡಿದೆ. ಲಂಗರು. ಕಡಲೆಯವನು ಸೌಟು ಎತ್ತಿ ಹಲ್ಲು ಕಿಸಿದ. ಮೂರನೆಯ ಸುತ್ತಿಗೆ ಸ್ಟ್ಯಾಂಡಿನವರೆಲ್ಲ ಎದ್ದು ಬಂದು ಸರ್ಕಲ್ಲಿನ ಅಂಚಿನಲ್ಲಿ ಕೂತಿದ್ದರು.

“ದೂಮಣ್ಣಾ, ಇದು ಎಂತ ಮೆರವಣಿಗೆಯಾ? ಬ್ಯಾಂಡು ತರಿಸ್ಬೇಕಾ?” ಎಂದು ಮೊಯ್ದು ಕೂಗಿದ.

“ಹೊಸ ಟಯರು, ಪಳಗಿಸ್ತಾ ಇದ್ದೇನೆ” ಎಂದೆ ನಾನು.

ಇನ್ನೊಂದು ಸುತ್ತಿಗೆ ಬಾಗಿ ಅಕ್ಕ ಸ್ಕೂಟರನ್ನು ಅಡ್ಡ ನಿಲ್ಲಿಸಿ, “ವಾರಿಜಾ, ಅವನನ್ನು ನಂಬಿದ್ರೆ ಕಡಲು ಬತ್ತುವವರೆಗೆ ಸುತ್ತುದೇ. ನನ್ನನ್ನು ಕೇಳು ಮಗಾ, ನಾನು ಹೇಳ್ತೇನೆ” ಎಂದಳು.

“ಬೇಡ ಅಕ್ಕ” ಎಂದಳು ವಾರಿಜ. “ಇವರಿಗೆ ಎಲ್ಲ ಗೊತ್ತುಂಟಲ್ಲ.”

ಒಳಗೊಳಗೇ ನನಗೆ ಖುಷಿಯಾಗತೊಡಗಿತ್ತು, ಮುಚ್ಚಿಡುವುದೇಕೆ. ಅವಳು ಕೇಳುವುದಿಲ್ಲ, ನಾನು ಕೇಳುವುದಿಲ್ಲ. ಹೀಗೇ ಸುತ್ತುತ್ತಿದ್ದರೆ ಅವಳು ತವರಿಗೆ ಹೋಗುವುದು ಹೇಗೆ? ಟ್ಯಾಂಕು ತುಂಬಿತ್ತು. ಕತ್ತಲಾದರೆ ಸಾಕಾಗಿ ಮನೆಗೇ ನಡೆ ಎನ್ನುತ್ತಾಳೆ. ರಸ್ತೆ ಕಟ್ಟಿದ ಇಂಜಿನಿಯರನ್ನು ನಾನು ಮೊದಲ ಸಲ ಮನಸ್ಸಿನಲ್ಲೇ ಹೊಗಳಿದೆ. ನಾನು ಗೆದ್ದಾಗಿತ್ತು. ಬರೇ ಓಡಿಸುತ್ತಿದ್ದರೆ ಆಯಿತು.

ಆ ರಸ್ತೆಯಲ್ಲಿ ಎರಡನೆಯ ಸರ್ಕಲ್ಲಿನ ಬಾಯಲ್ಲೇ ಒಂದು ಹಂಪ್ ಇದೆ. ಸುತ್ತಲಿನ ಕಲ್ಲಿನದೇ ಬಣ್ಣ, ಅದರ ಮೇಲೆ ಹತ್ತಿದ ಮೇಲೆಯೇ ಅದು ಇದೆಯೆಂದು ತಿಳಿಯುವುದು. ನನಗೆ ತಿಳಿದಿರುತ್ತದೆ, ಆದರೆ ಆ ಹೊತ್ತು ನಾನು ಗೆಲುವಿನಲ್ಲಿದ್ದೆ. ರಿಕ್ಷಾ ಎಗರಿ ಬಿತ್ತು. ಕನ್ನಡಿಯಲ್ಲಿ ನೋಡಿದೆ. ವಾರಿಜ ಚೀಲವನ್ನು ಬಿಟ್ಟು ಒಂದು ಕೈಯನ್ನು ಬೆನ್ನ ಹಿಂದೆ ಒತ್ತಿ ಹಿಡಿದಿದ್ದಳು. ಹಲ್ಲು ಕಚ್ಚಿದ್ದಳು. ಗುಣವಾಗಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಯಾರು ಹೇಳಿದ್ದರು ನನಗೆ, ಗುಣವಾಗಿದೆಯೆಂದು? ಹಿಂದಿನ ಸುತ್ತಿನಲ್ಲೂ ಅದೇ ಹಂಪ್ ಬಂದಿತ್ತಲ್ಲ. ಅದರ ಹಿಂದಿನದರಲ್ಲೂ.

ಲಂಗರಿನ ಹತ್ತಿರ ನಿಲ್ಲಿಸಿದೆ. ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳಿದರೆ ಮೀಸಲು ಮುಗಿಯಿತು. ಕೇಳಿದರೆ ರಸ್ತೆ ಬಿಚ್ಚಿಕೊಳ್ಳುತ್ತದೆ, ಅವಳು ತಾಯಿಯ ಮನೆ ಮುಟ್ಟುತ್ತಾಳೆ, ನಾನು ಇಷ್ಟು ಹೊತ್ತು ತಡೆದದ್ದು ನನ್ನ ಕೈಯಿಂದಲೇ ಆಗುತ್ತದೆ. ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದರು. ನಾನು ಹಿಂದಕ್ಕೆ ತಿರುಗಿದೆ.

“ವಾರಿಜಾ, ಎಲ್ಲಿ ನೋಯ್ತದೆ?”

ಮೊಯ್ದು ತಲೆಯ ಮೇಲೆ ಕೈ ಇಟ್ಟುಕೊಂಡ. “ಅಯ್ಯೋ ಮಾರಾಯ್ರೇ, ಮುಗಿಸಿಬಿಟ್ರು!”

ಕೇಳಿದ್ದು ತನ್ನನ್ನೇ ಹೌದೋ ಎಂಬಂತೆ ಅವಳು ನೋಡಿದಳು. “ಬೆನ್ನಲ್ಲಿ. ಎಡಗಡೆ, ಇಲ್ಲಿ. ಐಸಿನ ಪೆಟ್ಟಿಗೆ ಎತ್ತುವಾಗ ಹಿಡಿದದ್ದು.”

ಅಷ್ಟು ಹೇಳಿದ್ದೇ ತಡ. ರಸ್ತೆಯಲ್ಲಿ ಏನೂ ಬದಲಾಗಲಿಲ್ಲ. ಅದೇ ಬಾಣ, ಅದೇ ಬೋರ್ಡು, ಅದೇ ಮರ. ಆದರೂ ಒಂದು ಬದಿಗೆ ಕಡಲು, ಒಂದು ಬದಿಗೆ ಗುಡ್ಡ ಇಟ್ಟುಕೊಂಡು ಅದು ಹಿಂದಿನ ಹಾಗೆ ನೆಟ್ಟಗೆ ಹೊರಟಿತು. ನಾನು ಮೆಲ್ಲಗೆ ಬಿಟ್ಟೆ. ಹೇಗೂ ಖರ್ಚಾಗಿತ್ತು, ಇನ್ನು ಏಕೆ ಹಿಡಿಯುವುದು? ಯಾವಾಗಿನಿಂದ ಎಂದು ಕೇಳಿದೆ. ಪ್ಲಾಂಟಿನಲ್ಲಿ ಯಾರಿಗಾದರೂ ಹೇಳಿದ್ದೆಯಾ ಎಂದು ಕೇಳಿದೆ. ಡಾಕ್ಟರು ಕೊಟ್ಟ ಎಣ್ಣೆ ಎಲ್ಲಿಟ್ಟಿದ್ದೀ, ಬೆನ್ನಿಗೆ ಕೈ ಎಟುಕದೆ ಹೇಗೆ ಹಚ್ಚಿಕೊಂಡೆ ಎಂದು ಕೇಳಿದೆ. “ಗೋಡೆಗೆ ಹಚ್ಚಿ ಬೆನ್ನು ಉಜ್ಜಿದೆ” ಎಂದಳು. ನನಗೆ ನಗು ಬರಲಿಲ್ಲ. ಅವಳಿಗೆ ಸ್ವಲ್ಪ ಬಂತು. ಆ ರಸ್ತೆ ಅಷ್ಟು ಗಿಡ್ಡವೆಂದು ನನಗೆ ಅಂದೇ ತಿಳಿದದ್ದು.

ಕಲ್ಯಾಣಿ ಅತ್ತೆ ಅಂಗಳದಲ್ಲಿ ಸಿಗಡಿ ಒಣಗಿಸುತ್ತಿದ್ದರು. ಮಗಳ ಚೀಲ ನೋಡಿದರು, ನನ್ನ ಮುಖ ನೋಡಿದರು. “ಯಾರ ಹತ್ರ ಕೇಳಿ ಬಂದದ್ದು ಅಳಿಯಂದಿರು?” ಎಂದರು. “ನಿಮ್ಮ ಮಗಳ ಹತ್ರವೇ” ಎಂದೆ. ಅವರ ಕೈಯ ಮೊರ ಹಾಗೇ ನಿಂತಿತು. “ಮೀಸಲನ್ನು? ನಿಮಗೆ ತಲೆ ಸರಿ ಉಂಟಲ್ಲ?” ವಾರಿಜ ಚೀಲ ಹಿಡಿದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಬನ್ನಿ ಎನ್ನಲೂ ಇಲ್ಲ.

ಬಂದರಿಗೆ ಹೋಗುವ ಗಿರಾಕಿ ಸಿಕ್ಕಿದರೆ ಅವರ ದಾರಿಯಲ್ಲಿ ನಾನೂ ವಾಪಸಾಗಬಹುದಿತ್ತು. ಸಿಗಲಿಲ್ಲ ಎಂದು ಊರಿಗೆಲ್ಲ ಹೇಳಿಕಳಿಸಿದೆ. ನಿಜವೆಂದರೆ ಗಿರಾಕಿಗಳು ಇರುವೆಯ ಹಾಗೆ ಬರುತ್ತಿದ್ದರು. ಎಂಜಿನ್ ಕೆಟ್ಟಿದೆ ಎಂದು ನಾನು ಬಾನೆಟ್ಟೇ ಇಲ್ಲದ ರಿಕ್ಷಾದ ಕೆಳಗೆ ಮಲಗಿ ಕಾಲು ಮಾತ್ರ ಹೊರಗೆ ಚಾಚುತ್ತಿದ್ದೆ. ಅತ್ತೆಯ ಜಗಲಿಯಲ್ಲಿ ಮಲಗುತ್ತಿದ್ದೆ. ವಾರಿಜಳ ಬೆನ್ನಿಗೆ ಅವಳ ತಾಯಿ ಎಣ್ಣೆ ಹಚ್ಚುತ್ತಿದ್ದರು. ನಾನು ಬಾಗಿಲಿನ ಹೊರಗೆ ನಿಂತು, ಈಗ ಎಲ್ಲಿ, ನಿನ್ನೆಯ ಜಾಗದಲ್ಲೋ ಸ್ವಲ್ಪ ಮೇಲೋ ಎಂದು ಕೇಳುತ್ತಿದ್ದೆ. ಕೇಳುವುದರಲ್ಲಿಯೂ ನನ್ನನ್ನು ಮೀರಿಸುವವರಿಲ್ಲವೆಂದು ಆಗ ಗೊತ್ತಾಯಿತು. ಕಣ್ಣೆದುರಿಗೇ ಇದ್ದ ಉಪ್ಪಿನ ಡಬ್ಬಿ ಎಲ್ಲಿ ಎಂದೆ. ಹೆಗಲ ಮೇಲಿದ್ದ ಮೈ ಒರೆಸುವ ಬೈರಾಸು ಎಲ್ಲಿ ಎಂದೆ. “ಇವರ ಕಣ್ಣಿಗೆ ಪೊರೆ ಬಂದಿದೆಯಾ ಮಗಾ?” ಎಂದು ಅತ್ತೆ ಒಳಗೆ ಪಿಸುಗುಟ್ಟಿದ್ದು ಕೇಳಿಸಿತು. “ಇಲ್ಲ ಅಮ್ಮ, ಈಗ ಬಿಡ್ತಾ ಉಂಟು” ಎಂದಳು ವಾರಿಜ. ಆದರೆ ಊರಿಗೆ ಬರುತ್ತೀಯಾ ಎಂಬ ಒಂದು ಪ್ರಶ್ನೆ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ. ಅದಕ್ಕೆ ಇಲ್ಲ ಎಂಬ ಉತ್ತರವೂ ಇದೆಯಲ್ಲ.

ಒಂದು ಬೆಳಿಗ್ಗೆ ನಾನು ರಿಕ್ಷಾದ ಗಾಜು ಒರೆಸುತ್ತಿದ್ದಾಗ ಅವಳು ಬಂದು ಹಿಂದೆ ಕೂತಳು. ಚೀಲ ಕೈಯಲ್ಲಿತ್ತು. ನಾನು ರಸ್ತೆಯ ಬಾಯಿಯವರೆಗೆ ತಂದು ನಿಲ್ಲಿಸಿದೆ. ಕೆಟ್ಟಿದ್ದ ಎಂಜಿನ್ ಹೇಗೆ ಸರಿಯಾಯಿತೆಂದು ಅವಳು ವಿಚಾರಿಸಲಿಲ್ಲ. ಬಂದರಿಗೆ ಮೀನು ತರಲು ಹೊರಟ ಟೆಂಪೋ, ಹಾಲಿನ ಗಾಡಿ, ಬಾಗಿ ಅಕ್ಕನ ಸ್ಕೂಟರು ಒಂದೊಂದಾಗಿ ನಮ್ಮ ಹಿಂದೆ ಬಂದು ನಿಂತವು. ಕೇರಿಯ ಬದಿಯಲ್ಲಿ ರಸ್ತೆಯ ಬಾಯಿ ಎಷ್ಟು ಇಕ್ಕಟ್ಟೆಂದರೆ ಒಂದು ರಿಕ್ಷಾ ನಿಂತರೆ ಜಗತ್ತೇ ನಿಲ್ಲುತ್ತದೆ.

“ನಿನ್ನಲ್ಲಿ ದಾರಿ ಉಂಟಾ?” ಎಂದೆ, ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆ.

“ಬೇಕಾದಷ್ಟು ಜನ ಇದ್ದಾರೆ ಕೇಳ್ಲಿಕ್ಕೆ. ಹಾಲಿನವನಿದ್ದಾನೆ, ಬಾಗಿ ಅಕ್ಕ ಇದ್ದಾಳೆ.” ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು: “ಮೀಸಲು ಒಬ್ಬರೇ.”

“ಯಾರು?”

“ಯಾರು ಅಂತ ಕೇಳ್ತೀರಲ್ಲ. ನೀವೇ.”

ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ಅವಳು ಕಡಲು ನೋಡುತ್ತಿದ್ದಳು. ನಾನು ಎಲ್ಲಿಂದ ಬಂದೆ, ಎಲ್ಲಿ ಉಂಡೆ, ಬಿಸಿಲಿನಲ್ಲಿ ಎಲ್ಲಿ ಕೂತಿದ್ದೆ ಎಂದು ಅವಳೂ ಕೇಳಿದ್ದಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಜೋಪಾನ ಮಾಡಿ ಮಾಡಿ ಒಂದೇ ಮಾಡಿನಡಿ ಎರಡು ಊರಾಗಿದ್ದೆವು.

“ಕೇಳಿದ್ರೆ ನಾನೂ ಮುಗಿದೆ” ಎಂದೆ. “ಇನ್ನು ಆಪತ್ತಿಗೆ ನಮಗೆ ಯಾರೂ ಇಲ್ಲ.”

“ಮುಗೀಲಿ.” ಅವಳು ಮುಂದಕ್ಕೆ ಬಾಗಿದಳು. “ನಿಮಗೆ ಎಲ್ಲಿಗೆ ಹೋಗ್ಬೇಕು?”

ಆಯುಷ್ಯವಿಡೀ ನಾನು ಆ ಪ್ರಶ್ನೆಯನ್ನು ಸಾವಿರ ಜನಕ್ಕೆ ಹಾಕಿದ್ದೇನೆ. ಲಕ್ಷವೇ ಇರಬಹುದು. ರಿಕ್ಷಾದವನ ಹತ್ತಿರ ಅದನ್ನು ಕೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ಬಾಯಿ ತೆರೆದೆ. ನನ್ನ ಬಾಯಿಗೆ ಎಂದೂ ಬರಗಾಲ ಬಂದದ್ದಿಲ್ಲ, ನೀವೇ ನೋಡುತ್ತಿದ್ದೀರಿ. ಬಾವಿಗೆ ಬೀಳು ಎಂದರೂ ರಸ್ತೆಗೆ ಸಾಕಾಗುತ್ತಿತ್ತು. ಆದರೆ ಅವಳಿಗೆ ಸಾಕಾಗುತ್ತಿರಲಿಲ್ಲ. ಹಿಂದೆ ಹಾರ್ನುಗಳು ಸುರುವಾದವು. ಬಾಗಿ ಅಕ್ಕ ಸ್ಕೂಟರಿನ ಮೇಲೆ ನಿಂತು, “ಹೇಳು ಮಾರಾಯಾ! ಹುಟ್ಟಿದಾಗಿನಿಂದ ಮುಚ್ಚದ ಬಾಯಿ, ಮುಚ್ಚಲಿಕ್ಕೆ ಇವತ್ತೇ ಆಗ್ಬೇಕಿತ್ತಾ?” ಎಂದು ಕಡಲಿಗೆಲ್ಲ ಕೇಳುವಂತೆ ಕೂಗಿದಳು.

ನಾನು ಎಂಜಿನ್ ಆರಿಸಿದೆ. ಇಳಿದೆ. ಹಿಂದಕ್ಕೆ ಹೋಗಿ ಅವಳ ಪಕ್ಕದಲ್ಲಿ ಕೂತೆ, ಅವಳ ಬೆನ್ನಿನ ಎಡಗಡೆಗೆ ತಾಗದ ಹಾಗೆ. ಇಷ್ಟು ವರ್ಷ ಓಡಿಸಿದರೂ ಆ ಸೀಟಿನಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ. ಅಲ್ಲಿಂದ ಮುಂದಿನದು ಅರ್ಧವೇ ಕಾಣುತ್ತದೆ. ಉಳಿದರ್ಧ ಚಾಲಕನ ಬೆನ್ನು ಇರುವ ಜಾಗ. ಅದು ಈಗ ಖಾಲಿ ಇತ್ತು. ವಾರಿಜ ಚೀಲವನ್ನು ಮಡಿಲಿನಿಂದ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಹಾರ್ನುಗಳು ಹೊಡೆದುಕೊಳ್ಳುತ್ತಿದ್ದವು. ಹೊಡೆದುಕೊಳ್ಳಲಿ ಎಂದು, ಎಲ್ಲಿಗೆ ಹೋಗಬೇಕೆಂದು ನಾನು ಯೋಚಿಸಿ ಯೋಚಿಸಿ ಹೇಳತೊಡಗಿದೆ.